ಎಲೆಗೆ ಅಡ್ಡ ಇಟ್ಟ ಕೈ

ಇಂಗು ಹಾಕಿಲ್ಲ, ಸಾಸಿವೆ ಬೇರೆ ಸೀದಿದೆ, ಕ್ಯಾಂಟೀನಿನ ಈ ವಾಸನೆ ಎರಡು ಮಾಳಿಗೆ ಹತ್ತಿ ಬಂದು ನನ್ನ ಮೂಗಿಗೇ ಬಡಿಯಬೇಕೇ, ಇದನ್ನೇ ಸಾಂಬಾರು ಅನ್ನುತ್ತಾರಲ್ಲ ಈ ಬೇಲಾಪುರದವರು, ಒಳಗೆ ವಾರ್ಡಿನಲ್ಲಿ ಮಲಗಿರುವ ಇವರಿಗೂ ಬಡಿದಿರುತ್ತದೆ, ಎದೆಗೆ ತಂತಿ ಅಂಟಿಸಿದರೆ ಮೂಗು ಸುಮ್ಮನಿರುತ್ತದೆಯೇ, ಡೊಂಬಿವಲಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಜೀವಮಾನವೆಲ್ಲ ಅಡುಗೆ ಮಾಡಿದ ಕಿಟ್ಟು ಭಟ್ಟರ ಮೂಗು ಅದು, ಎಂತ ಮಾರಾಯ್ತಿ ವಸಂತಿ ಇದು, ಹುಣಸೆಹುಳಿ ಕುದಿಯಲೇ ಇಲ್ಲ ಅಂತ ನಾನು ಒಳಗೆ ಹೋದ ಕೂಡಲೇ ಶುರು ಮಾಡುತ್ತಾರೆ ನೋಡು, ಮಾಡಲಿ, ಸಾಂಬಾರಿಗೆ ಬೈಯುವಷ್ಟು ಜೀವ ಇದ್ದರೆ ಸಾಕು ನನಗೆ — ಗೋಡೆಯ ಮೇಲಿನ ಟಿವಿಯಲ್ಲಿ ಮತ್ತೆ ಅದೇ ಜಗಳ, ಬೆಳಗಿನಿಂದ ಅದೇ, ಸರಕಾರ ಬಡವರ ಹೆಸರಿನಲ್ಲಿ ವಿಮೆಯ ಕಂತು ಕಟ್ಟುವುದು ಸರಿಯೋ ತಪ್ಪೋ, ಬಿಳಿ ಅಂಗಿಯವನು ಹೇಳುತ್ತಾನೆ ಬಿಟ್ಟಿ ಕೊಟ್ಟು ಕೊಟ್ಟು ಜನರನ್ನು ಭಿಕಾರಿ ಮಾಡಿದಿರಿ ಅಂತ, ಕನ್ನಡಕದ ಹೆಂಗಸು ಹೇಳುತ್ತಾಳೆ ಆರೋಗ್ಯ ಭಿಕ್ಷೆಯಲ್ಲ ಹಕ್ಕು ಅಂತ, ಮೂರನೆಯವನು ಇಬ್ಬರಿಗೂ ಬೈಯುತ್ತಾನೆ, ಈ ಹಣವೆಲ್ಲ ವಿಮೆ ಕಂಪನಿಗಳ ಹೊಟ್ಟೆಗೆ ಹೋಗುತ್ತದೆ, ಅದರ ಬದಲು ಸರಕಾರಿ ಆಸ್ಪತ್ರೆ ಕಟ್ಟಿ ಅಂತ, ಹೌದಪ್ಪ ಕಟ್ಟಿ, ನಾಳೆ ಬೆಳಿಗ್ಗೆಯೊಳಗೆ ಕಟ್ಟಿ ಮುಗಿಸಿ, ನಾಳೆ ಬೆಳಿಗ್ಗೆ ಇವರ ಎದೆ ತೆರೆಯಬೇಕು. ಪಕ್ಕದಲ್ಲಿ ನನ್ನ ತಮ್ಮ ಮಧ್ವೇಶ ತಲೆ ತಗ್ಗಿಸಿ ಕನ್ನಡಕ ಒರೆಸುತ್ತಾನೆ, ಒರೆಸಿದ್ದನ್ನೇ ಒರೆಸುತ್ತಾನೆ, ಬೆಳಿಗ್ಗೆ ಇದೇ ಕುರ್ಚಿಯಲ್ಲಿ ಕೂತು ಟಿವಿಗೆ ತಾಳ ಹಾಕಿದವನು ಇವನೇ.

ಏನು ಗರ್ಜನೆ ಅದು ಬೆಳಿಗ್ಗೆ, ಸರಿಯಾಗಿಯೇ ಹೇಳ್ತಾನಲ್ಲ ಅಕ್ಕ, ಟ್ಯಾಕ್ಸ್ ಕಟ್ಟುವವರು ನಾವು, ಪುಕ್ಕಟೆ ತಿನ್ನುವವರು ಇವರು, ಆ ಇವರು ಯಾರೆಂದು ಯೋಚಿಸಲೇ ಇಲ್ಲ ಹುಡುಗ, ಐವತ್ತು ದಾಟಿದರೂ ನನಗೆ ಹುಡುಗನೇ, ಭಾವ ಗಾಲಿಕುರ್ಚಿಯಲ್ಲಿ ಪಕ್ಕದಲ್ಲೇ ಕೂತಿದ್ದಾರೆ, ಅವರ ಕಿವಿಗೆ ಬೀಳುತ್ತದೆ ಎಂಬ ಪರಿವೆಯೇ ಇಲ್ಲ, ಮನಸ್ಸು ಕೆಟ್ಟದಲ್ಲ ಅವನದು, ಖಾರಘರದ ಮನೆಯಿಂದ ನಮಗೆ ಬಿಸಿನೀರಿನ ಫ್ಲಾಸ್ಕು ಹೊತ್ತು ತಂದವನೂ ಅವನೇ, ಬಾಯಿ ಮಾತ್ರ ಬ್ಯಾಂಕಿನ ಆಫೀಸರದು, ನಿನ್ನ ಹರ್ನಿಯಾ ಆಪರೇಷನ್ನಿಗೆ ಬ್ಯಾಂಕು ಕೊಟ್ಟಿತಲ್ಲ ಮಧ್ವ, ಆಗ ಅದು ಸವಲತ್ತು, ಇವರಿಗೆ ಕೊಟ್ಟರೆ ಬಿಟ್ಟಿಯಾ, ಬೆಂಕಿಪೊಟ್ಟಣಕ್ಕೂ ಟ್ಯಾಕ್ಸ್ ಉಂಟು, ಇವರು ಎಷ್ಟು ಒಲೆ ಹಚ್ಚಿದ್ದಾರೆ ಲೆಕ್ಕ ಇಡು ಅಂತ ಆಗಲೇ ನಾಲಗೆ ತುದಿಗೆ ಬಂದಿತ್ತು, ಆದರೆ ನಾನು ನೀರು ಹಿಡಿಯಲು ನಲ್ಲಿಯ ಹತ್ತಿರ ಹೋದೆ, ಅಷ್ಟರಲ್ಲೇ ಆಗಿಹೋಯಿತು ಎಲ್ಲ. ಆ ಸರಕಾರಿ ವಿಮೆ ಯೋಜನೆಯ ಕೌಂಟರಿನ ಹುಡುಗಿ, ಮುಕ್ತಾ, ಒಳ್ಳೆಯ ಹುಡುಗಿ, ಕಾಕಾ ನಿಮ್ಮದು ಕೇಸರಿ ರೇಷನ್ ಕಾರ್ಡ್, ಆಪರೇಷನ್ ಸರಕಾರದ ವಿಮೆಯಲ್ಲಿ ಆಗುತ್ತದೆ, ತೆಗೆದುಕೊಳ್ಳುತ್ತೀರಲ್ಲ ಅಂತ ಕೇಳಿದಳಂತೆ, ಇವರು ಕೈ ಅಡ್ಡ ಮಾಡಿ, ನಕೋ ನಕೋ, ಬಡವರು, ಪಾಪದವರು ಯಾರಾದರೂ ಇದ್ದರೆ ಅವರಿಗೆ ಕೊಡಿ ಅಂದರಂತೆ, ಅವಳು ಬೇಡ ಅಂದರೆ ಬೇಡವೇ ಎಂದು ತಿಳಿದು ನಿರಾಕರಣೆ ಅಂತ ಬರೆದು ಮುಂದಿನವರನ್ನು ಕರೆದಳಂತೆ — ಅಯ್ಯೋ ನನ್ನ ದೇವರೇ, ಉಪಚಾರದ ಮಾತು ಅದು! ಮೊದಲನೇ ಸಲ ಬೇಡ ಅನ್ನದೆ ಹೂಂ ಅನ್ನುವುದುಂಟೇ, ನಮ್ಮಲ್ಲಿ ಕಾಫಿಗೂ ಹಾಗೆ ಯಾರೂ ಅನ್ನುವುದಿಲ್ಲ, ಬಂದವರು ಈಗಷ್ಟೇ ಆಯ್ತು ಅನ್ನಬೇಕು, ಮನೆಯವರು ಅರ್ಧ ಲೋಟ ಆದರೂ ತಗೊಳ್ಳಿ ಅನ್ನಬೇಕು, ಬೇಡ ಅಂದರೆ, ಹಾಗೆ ಹೇಳಿದರೆ ಹೇಗೆ ಅಂತ ಲೋಟ ಕೈಗೇ ಇಡಬೇಕು, ಆಮೇಲೆ ಕುಡಿಯುವುದು, ಹೃದಯದ ಮೂರು ನಾಳ ಮುಚ್ಚಿಹೋದರೂ ಈ ಮನುಷ್ಯ ಮರ್ಯಾದೆ ಬಿಡಲಿಲ್ಲ. ನಿನ್ನೆ ಠಾಣೆಯಲ್ಲಿ ರೈಲು ಬದಲಿಸಿ ಬರುವಾಗಲೂ ಇದೇ ಕಥೆ, ಕೋಪರಖೈರಣೆಯಲ್ಲಿ ಒಬ್ಬಳು ಕಾಲೇಜಿನ ಹುಡುಗಿ ಎದ್ದು, ಅಂಕಲ್ ಬೈಠಿಯೇ ಅಂದಳು, ಇವರು ನಹೀ ನಹೀ ಬೇಟಾ ಅಂದರು, ಅವಳು ಪಾಪ ಸರಿ ಎಂದು ಮತ್ತೆ ಕೂತಳು, ಕಿವಿಗೆ ಹಾಡು ಸಿಕ್ಕಿಸಿಕೊಂಡಳು, ಇವರು ಬೇಲಾಪುರದವರೆಗೆ ಕಂಬ ಹಿಡಿದು ಬೆವರಿದರು, ಈ ಊರಲ್ಲಿ ಎರಡನೇ ಸಲ ಕೇಳುವ ಪುರುಸೊತ್ತು ಯಾರಿಗೆ ಉಂಟು. ಈಗ ಡಾಕ್ಟರು ಹೇಳುತ್ತಾರೆ, ಯೋಜನೆ ಬೇಡವಾದರೆ, ಕೈಯಿಂದ ದುಡ್ಡು ಕಟ್ಟಲೂ ಆಗದಿದ್ದರೆ ಸಂಜೆ ಡಿಸ್ಚಾರ್ಜ್, ಮೆಟ್ಟಿಲು ಹತ್ತಿಸಬೇಡಿ ಅಂತ, ನಮ್ಮದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಾಳಿಗೆ. ಇವರು ಹೇಳುತ್ತಾರೆ, ಮನೆಗೆ ಹೋಗುವಾ ವಸಂತಿ, ಎರಡು ದಿನ ಗಂಜಿ ಉಂಡರೆ ಸರಿ ಆಗ್ತದೆ.

ಗಂಜಿ ಅಂತೆ ಗಂಜಿ, ನಾನೆಂತ ಕುರುಡಿಯಾ, ಮುಖದಲ್ಲಿ ಕಾಣುತ್ತದೆ ಭಯ, ಬೇಡ ಎಂದವರಿಗೆ ಮತ್ತೊಮ್ಮೆ ಕೇಳಲಿಲ್ಲ ಎಂಬ ಸಣ್ಣ ಬೇಜಾರೂ ಕಾಣುತ್ತದೆ, ಜೊತೆಗೆ ಆ ಭಿಕಾರಿ ಎಂಬ ಮಾತು ಮುಳ್ಳಿನ ಹಾಗೆ ಒಳಗೆ ಕೂತಿದೆ, ಇವರಿಗಾ ಭಿಕಾರಿ ಅನ್ನುವುದು, ಊರಿಗೆಲ್ಲ ಬಡಿಸಿ ಕೊನೆಗೆ ಅಡುಗೆಮನೆಯ ಮೂಲೆಯಲ್ಲಿ ತಳದ ಅನ್ನ ಉಂಡ ಕೈ ಅದು, ರಾಮನವಮಿಯ ಸಂತರ್ಪಣೆಗೆ ಸಂಬಳ ಇಲ್ಲದೆ ಒಲೆಯ ಮುಂದೆ ನಿಲ್ಲುವ ಜೀವ, ಅಲ್ಲಿ ಉಂಡವರನ್ನು ಯಾರಾದರೂ ಬಿಟ್ಟಿ ಉಂಡರು ಅಂದರೆ ಸೌಟು ಎತ್ತಿಕೊಂಡು ಬರುತ್ತಾರೆ, ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಎಲೆಯೂ ಒಂದೇ, ಯಾರ ಕಾಸಿನ ಅಕ್ಕಿ ಅಂತ ಕೇಳುವವನು ಉಣ್ಣಲಿಕ್ಕೆ ಲಾಯಕ್ಕಲ್ಲ ಅಂತ. ನನಗೆ ಇವರು ಮೊದಲು ಕಂಡದ್ದೂ ಪಂಕ್ತಿಯಲ್ಲೇ, ಕಲ್ಯಾಣದ ಒಂದು ಮದುವೆ ಹಾಲ್, ದೊಡ್ಡಮ್ಮನ ಮಗಳ ಮದುವೆ, ಪಾಯಸದ ಬಾಲ್ದಿ ಹಿಡಿದು ಬಗ್ಗಿದ ತೆಳ್ಳಗಿನ ಹುಡುಗ, ನಾನು ಬೇಡ ಬೇಡ ಎಂದು ಎರಡೂ ಕೈ ಎಲೆಗೆ ಅಡ್ಡ ಇಟ್ಟೆ, ಅವನು ಹೋಗಲಿಲ್ಲ, ನನ್ನ ಮುಖ ನೋಡಲಿಲ್ಲ, ಕೈ ನೋಡಿದ, ಬಾಯಿ ಬೇಡ ಹೇಳ್ತದೆ, ಬೆರಳು ಬೇರೆ ಹೇಳ್ತಾ ಉಂಟಲ್ಲ ಅಂತ ಮೆಲ್ಲ ಅಂದು, ಕೈ ತೆಗೆಯುವವರೆಗೆ ಸೌಟು ಹಿಡಿದು ನಿಂತ, ಪಕ್ಕದ ಹುಡುಗಿಯರೆಲ್ಲ ಕಿಸಕ್ಕೆಂದರು, ನಾನು ನಾಚಿ ಸತ್ತೇ ಹೋದೆ. ಮದುವೆಯಾದ ಮೇಲೆ ಕೇಳಿದೆ, ನಿಮಗೆ ಹೇಗೆ ಗೊತ್ತಾಯಿತು ಅಂತ, ನಕ್ಕು ಹೇಳಿದರು, ನಿಜವಾಗಿ ಸಾಕಾದವನ ಬೆರಳು ಒಂದಕ್ಕೊಂದು ಅಂಟಿಕೊಂಡಿರ್ತವೆ, ಒಂದು ಹನಿ ಬೀಳದ ಹಾಗೆ, ಹಸಿವು ಇರುವವನು ಕೈ ಇಡ್ತಾನೆ, ಆದರೆ ಬೆರಳಿನ ನಡುವೆ ಸಂದು ಬಿಡ್ತಾನೆ, ಅವನಿಗೇ ಗೊತ್ತಿರುವುದಿಲ್ಲ, ಬಡಿಸುವವ ಅಲ್ಲಿ ನೋಡಬೇಕು. ನನ್ನ ಬೆರಳಲ್ಲಿ ಸಂದು ಇತ್ತಾ ಅಂದರೆ, ಎಮ್ಮೆ ನುಗ್ಗುವಷ್ಟು ಇತ್ತು ಅಂದರು, ಈಗಲೂ ಹೇಳಿ ರೇಗಿಸುತ್ತಾರೆ, ಪಾಯಸ ಮಾಡಿದಾಗಲೆಲ್ಲ ರೇಗಿಸುತ್ತಾರೆ, ಇವರಿಲ್ಲದೆ ನಾನು ಯಾರಿಗೆ ಪಾಯಸ ಮಾಡಲಿ.

ಏಳು ವಸಂತಿ, ಕೂತು ಅತ್ತರೆ ಯಾರೂ ಬಡಿಸುವುದಿಲ್ಲ — ಎದ್ದೆ, ಎದ್ದು ಕೌಂಟರಿಗೆ ಬಂದೆ, ಮಧ್ವೇಶನೂ ಹಿಂದೆಯೇ ಬಂದ, ಮುಕ್ತಾ ಚೀಲಕ್ಕೆ ಡಬ್ಬಿ ತುಂಬುತ್ತಿದ್ದಾಳೆ, ಮನೆಗೆ ಹೊರಟಿದ್ದಾಳೆ, ಮಾವಶಿ ನಾನೇನು ಮಾಡಲಿ, ಕಾಕಾ ತಾವೇ ಬೇಡ ಅಂದರು, ಒಪ್ಪಿಗೆ ಅವರದೇ ಆಗಬೇಕು ಅನ್ನುತ್ತಾಳೆ, ನಾನು ನನ್ನ ಹರಕು ಮರಾಠಿಯಲ್ಲಿ ಹೇಳುತ್ತೇನೆ, ಮಗಾ ನಿಮ್ಮವರ ಮದುವೆಯಲ್ಲಿ ಜಿಲೇಬಿ ಬಡಿಸುವಾಗ ಅಳಿಯ ಬೇಡ ಅಂದರೆ ತಟ್ಟೆ ಎತ್ತಿಕೊಂಡು ಹೋಗುತ್ತೀರಾ, ಅವಳು ನಕ್ಕಳು, ಛೇ ಇಲ್ಲ ಮಾವಶಿ, ಆಗ್ರಹ ಮಾಡುತ್ತೇವೆ, ಬಾಯಿಗೇ ತುರುಕುತ್ತೇವೆ, ಹಾಗಾದರೆ ನಮ್ಮ ಕಾಕಾನಿಗೆ ಇನ್ನೊಂದು ಸಲ ಕೇಳು, ಅಷ್ಟೇ ಸಾಕು, ಇನ್ನೊಂದೇ ಸಲ ಅಂದೆ, ಅವಳು ನನ್ನ ಮುಖ ನೋಡಿ ಚೀಲ ಕೆಳಗಿಟ್ಟಳು. ವಾರ್ಡಿಗೆ ಬಂದೆವು, ಇವರು ಚಾದರ ಹೊದ್ದು ಕಣ್ಣು ಮುಚ್ಚಿದ್ದಾರೆ, ಮಧ್ವೇಶ ಮುಂದೆ ಹೋಗಿ ಕಾಲಿನ ಹತ್ತಿರ ನಿಂತ, ಭಾವ ನಾನು ಬೆಳಿಗ್ಗೆ ಹೇಳಿದ್ದು ನಿಮಗೆ ಅಲ್ಲ, ಟಿವಿ ನೋಡಿ ಬಾಯಿಗೆ ಬಂದದ್ದು, ದಮ್ಮಯ್ಯ ಭಾವ ತಗೊಳ್ಳಿ, ಅಂದವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ, ಇವರು ಕಣ್ಣು ತೆರೆದು, ಎಂತಕ್ಕೆ ಅಳ್ತೀಯಾ ಮಾರಾಯ, ಕ್ಯಾಂಟೀನಿನ ಸಾಂಬಾರು ಕುಡಿದೆಯಾ ಅಂದರು, ನನ್ನ ಎದೆ ಹೂವಾಯಿತು. ಮುಕ್ತಾ ಹತ್ತಿರ ಬಗ್ಗಿ, ಕಾಕಾ ತೆಗೆದುಕೊಳ್ಳಿ, ನಮ್ಮ ಮಾತಿಗೆ ಬೆಲೆ ಕೊಡಿ ಅಂದಳು, ಪಂಕ್ತಿಯಲ್ಲಿ ಹೇಳುವ ಹಾಗೆಯೇ, ಕೈಯಲ್ಲಿ ಪೆನ್ನು, ಇವರು ತಕ್ಷಣ ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟರು, ಬೇಡ ಮಗಾ, ಪಾಪದವರಿಗೆ ಕೊಡಿ — ಮುಕ್ತಾ ನೆಟ್ಟಗಾದಳು, ನನ್ನ ಕಡೆ ತಿರುಗಿದಳು, ಆಯಿತಲ್ಲ ಮಾವಶಿ, ಕೇಳಿದೆನಲ್ಲ ಎಂಬ ಮುಖ, ನಾನು ಅವಳ ಮುಖ ನೋಡಲಿಲ್ಲ, ಇವರ ಮುಖವನ್ನೂ ನೋಡಲಿಲ್ಲ, ಕೈ ನೋಡಿದೆ, ತಂತಿಗಳ ಮೇಲೆ ಇಟ್ಟ ಕೈ, ಎಣ್ಣೆ ಸಿಡಿದ ಕಲೆಗಳ ಕೈ, ಬಾಯಿ ಇನ್ನೂ ಬೇಡ ಬೇಡ ಅನ್ನುತ್ತಿದೆ, ಕೈ ಅಲ್ಲಿಯೇ ಇದೆ, ಬೆರಳು, ಬೆರಳು ನೋಡು ವಸಂತಿ, ಬಡಿಸು ಮಗಾ ಅಂದೆ, ಹೋಗಬೇಡ, ಬಡಿಸು, ಸಂದು ಉಂಟು, ಬೆರಳುಗಳ ನಡುವೆ ಸಂದು, ಪೆನ್ನು ಹಿಡಿಯುವಷ್ಟು ಸಂದು