ಅನಸೂಯಮ್ಮನ ಕೈಗೆ ಕತ್ತಿ

ಶಸ್ತ್ರಚಿಕಿತ್ಸೆ ಕಲಿತು, ಆಮೇಲೆ ಶ್ರೀನಿವಾಸಪುರದ ಆಸ್ಪತ್ರೆಯನ್ನು ಒಬ್ಬಳೇ ನಡೆಸಬೇಕೆಂದು ಸರ್ಕಾರ ಡಾಕ್ಟರ್ ಅನಸೂಯಮ್ಮನನ್ನು ಮುಳಬಾಗಿಲಿಗೆ ಕಳಿಸಿತ್ತು. ಯುದ್ಧದ ಕಾಲ, ಗಂಡಸು ಡಾಕ್ಟರುಗಳು ಬಹಳ ಮಂದಿ ಸೈನ್ಯ ಸೇರಿದ್ದರು. ಕಲಿಸಬೇಕಾದವರು ಮುಳಬಾಗಿಲಿನ ಆಸ್ಪತ್ರೆಯ ಡಾಕ್ಟರ್ ನಜೀರ್ ಅಹಮದ್. ಅವರಷ್ಟು ಚುರುಕು ಕೈಯವರು ಆ ಸೀಮೆಯಲ್ಲೇ ಇರಲಿಲ್ಲ. ಆದರೆ ಕತ್ತಿಯನ್ನು ಇನ್ನೊಬ್ಬರ ಕೈಗೆ ಕೊಡುವುದೆಂದರೆ ಅವರಿಗೆ ಪ್ರಾಣವೇ ಹೋದ ಹಾಗೆ.

"ಇವತ್ತು ನೋಡ್ಕೊಳ್ಳಿ, ಮುಂದಿನ ಸಲ ನೀವೇ ಮಾಡೋರಂತೆ" ಎನ್ನುತ್ತಿದ್ದರು. ಮುಂದಿನ ಸಲವೂ ಅದೇ ಮಾತು. ಮಳೆಗಾಲ ಹೋಯಿತು, ರಾಗಿ ಕೊಯ್ಲು ಮುಗಿಯಿತು. ಅನಸೂಯಮ್ಮ ಅವರು ಕುಯ್ದ ಗಾಯದ ಅಂಚು ಹಿಡಿದುಕೊಂಡು ನಿಂತೇ ಇದ್ದಳು.

"ಸಾರ್, ಶ್ರೀನಿವಾಸಪುರದಲ್ಲಿ ನಾನು ಯಾರ ಕೈ ನೋಡ್ತಾ ನಿಲ್ಲಲಿ?" ಎಂದು ಒಂದು ದಿನ ಕೇಳಿಯೇಬಿಟ್ಟಳು.

"ಅವಸರ ಪಡಬಾರ್ದಮ್ಮ" ಎಂದರು ನಜೀರ್.

ಆ ವಾರವೇ ಅವರ ಬಲಗೈ ಹೆಬ್ಬೆರಳಿಗೆ ಉಗುರುಸುತ್ತಾಗಿ ಕೀವು ತುಂಬಿತು. ಕೀವಿರುವ ಕೈಯಲ್ಲಿ ಯಾರ ಹೊಟ್ಟೆಯನ್ನೂ ಮುಟ್ಟುವಂತಿಲ್ಲ. ಅಂಥ ಹೊತ್ತಿನಲ್ಲೇ ರೇಷ್ಮೆ ಸಾಕುವ ಚನ್ನರಾಯಪ್ಪನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದರು. ತೊಡೆಸಂದಿಗೆ ಇಳಿದ ಕರುಳು ಅಲ್ಲೇ ಬಿಗಿದುಕೊಂಡಿತ್ತು. ಬೆಳಗಿನಿಂದ ವಾಂತಿ.

"ಕೋಲಾರಕ್ಕೆ ಕಳಿಸೋಣ" ಎಂದರು ನಜೀರ್. ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಊರ ಹೊರಗಿನ ದಿಣ್ಣೆ ಹತ್ತಲಾರದೆ ಹೊಗೆ ಕಾರುತ್ತಾ ನಿಂತಿದೆಯೆಂದು ಕಾಂಪೌಂಡರ್ ಅಜ್ಮತುಲ್ಲಾ ತಿಳಿಸಿದ.

"ನಾನು ಮಾಡ್ತೀನಿ" ಎಂದಳು ಅನಸೂಯಮ್ಮ.

ನಜೀರ್ ಬಾಯಿ ತೆರೆಯುವ ಮುಂಚೆ ಚನ್ನರಾಯಪ್ಪನೇ ಕಿರುಚಿದ: "ಅಯ್ಯಯ್ಯೋ! ಹೆಂಗ್ಸಾ? ಅಲ್ಲಿ ಕುಯ್ಯಾದಾ? ಸತ್ರೂ ಬ್ಯಾಡ!"

ಅನಸೂಯಮ್ಮನಿಗೆ ರೇಗಿಹೋಯಿತು. ಒಬ್ಬರು ಕತ್ತಿ ಕೊಡುವುದಿಲ್ಲ, ಇನ್ನೊಬ್ಬ ಮೈ ಕೊಡುವುದಿಲ್ಲ! ಅಷ್ಟರಲ್ಲಿ ಅವನ ಹೆಂಡತಿ ಮುನಿಯಲ್ಲಮ್ಮ ಗುಡುಗಿದಳು: "ನೀನ್ ಸತ್ರೆ ರೇಷ್ಮೆ ಹುಳಕ್ಕೆ ಸೊಪ್ಪು ತರೋರ್ಯಾರು? ನಿಮ್ಮಪ್ಪನಾ? ಸುಮ್ಕೆ ಮಲಕ್ಕೋ!"

ಮತ್ತೊಮ್ಮೆ ನೋವು ಒತ್ತಿಕೊಂಡು ಬಂತು. ಚನ್ನರಾಯಪ್ಪ ಹಲ್ಲು ಕಚ್ಚಿ ಹೇಳಿದ: "ಸರಿ, ಕುಯ್ಯಲಿ. ಆದ್ರೆ ನನ್ ಮಖಕ್ಕೆ ಬಟ್ಟೆ ಹಾಕಿ. ನಾನ್ ಅವಮ್ಮನ್ನ ನೋಡಬಾರ್ದು."

ಬಟ್ಟೆ ಹಾಕಿದರು. ಅನಸೂಯಮ್ಮ ಬೆನ್ನಿಗೆ ಮರಗಟ್ಟಿಸುವ ಸೂಜಿ ಕೊಟ್ಟು, ಕಿಟಕಿಯ ಬೆಳಕಿನತ್ತ ಮೇಜನ್ನು ತಿರುಗಿಸಿಕೊಂಡು ಕತ್ತಿ ಹಿಡಿದಳು. ನಜೀರ್ ಸುಮ್ಮನಿರಲಾರದೆ ಹಿಂದೆ ನಿಂತು ಹೇಳುತ್ತಲೇ ಇದ್ದರು: "ಇನ್ನೂ ಕೆಳಗೆ. ಅಷ್ಟು ಆಳ ಬೇಡ. ಅಲ್ಲಮ್ಮಾ, ಹಾಗಲ್ಲ!"

"ಸಾಮಿ, ನೀವು ಬಾಯಿ ಮುಚ್ಚಿದ್ರೆ ಆಯಮ್ಮ ಬಿರ್‍ರನೆ ಮುಗಿಸ್ತಾರೆ" ಎಂದಿತು ಬಟ್ಟೆಯೊಳಗಿನ ದನಿ.

ಬಿಗಿ ಬಿಡಿಸಿದಾಗ ಕರುಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಸತ್ತಿದೆ. ಕತ್ತರಿಸಿ ತೆಗೀರಿ" ಎಂದರು ನಜೀರ್.

"ಕಾಯೋಣ ಸಾರ್, ಮತ್ತೆ ರಕ್ತ ಹರಿದೀತು." ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕರುಳಿನ ಮೇಲೆ ಇಟ್ಟಳು.

"ಕಾದರೆ ಕೆಡುತ್ತೆ ಅಂತಿದ್ದೀನಲ್ಲ!"

"ಸಾರ್, ದಯವಿಟ್ಟು ಹೊರಗೆ ಹೋಗಿ."

ಅಜ್ಮತುಲ್ಲಾ ನೆಲ ನೋಡಿದ. ನಜೀರರ ಮುಖ ಕೆಂಪಾಯಿತು. ಹೊರಗೇನೋ ಹೋಗಲಿಲ್ಲ, ಬಾಗಿಲ ಬಳಿ ಸರಿದು ಗೋಡೆಗೆ ಒರಗಿದರು. ಅನಸೂಯಮ್ಮ ಬಟ್ಟೆ ಬದಲಾಯಿಸಿದಳು, ಕಾದಳು, ಮತ್ತೆ ಬದಲಾಯಿಸಿದಳು. ನಾನೇ ತಪ್ಪಿದ್ದರೆ? ಕೊನೆಗೊಮ್ಮೆ ಬಟ್ಟೆ ಎತ್ತಿದಾಗ ಕರುಳಿನ ಅಂಚಿನಲ್ಲಿ ನಸುಗೆಂಪು ಕಂಡಿತು. ನೋಡುತ್ತಿದ್ದಂತೆ ಅದು ಹರಡಿ, ಕರುಳು ಮೆಲ್ಲಗೆ ಮಿಸುಕಿತು.

"ಬಂತಾ?" ಎಂದರು ನಜೀರ್, ಬಾಗಿಲಿಂದಲೇ.

"ಬಂತು ಸಾರ್."

ಚನ್ನರಾಯಪ್ಪ ಚೇತರಿಸಿಕೊಂಡ. ವಾರ್ಡಿನಲ್ಲಿ ಬಂದುಹೋದವರಿಗೆಲ್ಲ, "ನಜೀರ್ ಸಾಹೇಬ್ರ ಕೈ ಚಿನ್ನ ಕಣೋ! ಕುಯ್ದಿದ್ದೇ ಗೊತ್ತಾಗ್ಲಿಲ್ಲ" ಎಂದು ಹೊಗಳಿದ.

"ಯಾರಪ್ಪ ಕುಯ್ದಿದ್ದು?" ಎಂದು ಅನಸೂಯಮ್ಮ ಮುಂದೆ ಬಂದು ನಿಂತಳು.

"ಮಖಕ್ಕೆ ಬಟ್ಟೆ ಇತ್ತಲ್ಲಮ್ಮ, ನಾನೆಲ್ಲಿ ನೋಡ್ದೆ?"

ಅವನ ತಲೆಗೊಂದು ಮೊಟಕಬೇಕೆನಿಸಿತು. ಮೊಟಕದೆ ಹೊಲಿಗೆ ಬಿಚ್ಚಿದಳು.

ನಜೀರರ ಬೆರಳು ವಾಸಿಯಾಯಿತು. ಮುಂದಿನ ರೋಗಿಗೆ ಅವರು ಅಭ್ಯಾಸಬಲದಿಂದ ಕತ್ತಿ ಎತ್ತಿಕೊಂಡರು. ಅನಸೂಯಮ್ಮ ಅಂಗೈ ಚಾಚಿದಳು. ಅವರು ಅಂಗೈಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು.

"ಇವತ್ತು ನೋಡ್ಕೊಂಡು..." ಎಂದು ಶುರುಮಾಡಿ, ನಿಟ್ಟುಸಿರು ಬಿಟ್ಟು, ಕತ್ತಿಯನ್ನು ಅವಳ ಕೈಯಲ್ಲಿಟ್ಟರು. "ಇನ್ನೂ ಮೇಲೆ. ಅಲ್ಲಮ್ಮಾ, ಹಾಗಲ್ಲ" ಎಂದು ಅಂದೂ ಉದ್ದಕ್ಕೂ ಗೊಣಗಿದರು. ಅನಸೂಯಮ್ಮ ತನ್ನ ಪಾಡಿಗೆ ಕುಯ್ಯುತ್ತಾ ಹೋದಳು.