ಗಡಿಯಾರನ ಬಲಗಾಲು

ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವನನ್ನು ಯಾರೂ ಗುರುತು ಹಿಡಿಯುವುದಿಲ್ಲ. ಇದು ದೂರಲ್ಲ, ಇದ್ದ ಸಂಗತಿ. ಬ್ಯಾಂಡಿನವರೆಲ್ಲ ದಪ್ಪತಂತಿ ಎಂದು ಕರೆಯುತ್ತಿದ್ದ ಇಂಥ ಒಬ್ಬನ ಮೂವತ್ತನಾಲ್ಕು ವರ್ಷಗಳ ವೃತ್ತಿಯಲ್ಲಿ ಪತ್ರಿಕೆಯವರು ತೆಗೆದ ಫೋಟೋಗಳಲ್ಲಿ ಅವನ ಅರ್ಧ ಭುಜ, ಒಂದು ಮೊಣಕೈ, ಒಮ್ಮೆ ಒಂದು ಕಿವಿ ಬಂದಿದ್ದವು. ಹಾಡುಗಾರನ ಹಸ್ತಾಕ್ಷರಕ್ಕೆ ಜನ ಮುತ್ತಿಕೊಂಡಾಗ ಇವನು ಪಕ್ಕದಲ್ಲೇ ನಿಂತು ಅವರಿಗೆ ಪೆನ್ನು ಒದಗಿಸಿದ್ದೂ ಉಂಟು. ಮದುವೆಯಾದ ಹೊಸತರಲ್ಲಿ ಅತ್ತೆ ಅವನ ವಾದ್ಯದ ತಂತಿಗಳನ್ನು ಒಂದೊಂದಾಗಿ ಎಣಿಸಿ, ಬೇರೆಯವರಿಗೆಲ್ಲ ಆರು ಕೊಟ್ಟು ನಿಮಗೆ ಮಾತ್ರ ಯಾಕೆ ನಾಲ್ಕು, ನೀವು ಬಾಯಿಬಿಟ್ಟು ಕೇಳಬಾರದಿತ್ತೇ ಎಂದು ಅಳಿಯನ ಪರವಾಗಿ ಸಿಟ್ಟಾಗಿದ್ದರು. ಅಳಿಯ ನಕ್ಕು ಸುಮ್ಮನಾಗಿದ್ದ. ಸುಮ್ಮನಾಗುವುದು ಅವನಿಗೆ ಕರಗತವಾಗಿತ್ತು.

ಬ್ಯಾಂಡಿಗೆ ಸೇರಿದ್ದೂ ಪ್ರತಿಭೆಯಿಂದಲ್ಲ, ಭಾವನ ವ್ಯಾನಿನಿಂದ. ಸಾಮಾನು ಸಾಗಿಸಲು ಅವರಿಗೊಂದು ಗಾಡಿ ಬೇಕಿತ್ತು, ಬೇಸ್ ನುಡಿಸಲು ಒಬ್ಬ ಬೇಕಿದ್ದ, ಎರಡೂ ಒಂದೇ ಬಾಗಿಲಲ್ಲಿ ಒಳಬಂದವು. ವ್ಯಾನು ಆರೇ ತಿಂಗಳಲ್ಲಿ ಗುಜರಿ ಸೇರಿತು. ಇವನು ಉಳಿದುಕೊಂಡ.

ಉಳಿದದ್ದಕ್ಕೆ ಕಾರಣ ಗಡಿಯಾರ. ಅವನು ಡ್ರಮ್ಸ್ ಬಾರಿಸುವವನು, ದಪ್ಪತಂತಿಗಿಂತ ನಾಲ್ಕು ವರ್ಷ ದೊಡ್ಡವನು, ಲಯ ಬಿಟ್ಟರೆ ಬೇರೆ ಯಾವುದರಲ್ಲೂ ಅವಸರವಿಲ್ಲದವನು. ಮೊದಲ ವಾರವೇ ಅವನು ಇವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ನನ್ನ ಕೈ ನೋಡಬೇಡ, ಮುಖವನ್ನಂತೂ ನೋಡಲೇಬೇಡ, ಬಲಗಾಲು ನೋಡು ಎಂದಿದ್ದ. ನೆಲದ ಮೇಲಿನ ದೊಡ್ಡ ಡ್ರಮ್ಮಿಗೆ ಪೆಡಲ್ ಒತ್ತಿ ಪೆಟ್ಟು ಹಾಕುವುದು ಆ ಕಾಲು. ಆ ಪೆಟ್ಟೂ ಬೇಸಿನ ಸ್ವರವೂ ಒಟ್ಟಿಗೇ ಬೀಳಬೇಕು. ಕೇಳುವವರ ಎದೆಗೆ ಎರಡು ಸದ್ದಲ್ಲ, ಒಂದೇ ಸದ್ದು ತಾಕಬೇಕು. ಅದೊಂದು ಸರಿಯಾದರೆ ಮುಂದೆ ನಿಂತವರು ಏನು ಕುಣಿದರೂ ನಡೆಯುತ್ತದೆ. ಅವತ್ತಿನಿಂದ ದಪ್ಪತಂತಿ ವೇದಿಕೆಯ ಮೇಲೆ ಜನರ ಕಡೆಗೆ ಅರ್ಧ ಬೆನ್ನು ಹಾಕಿ, ಆ ಕಾಲಿಗೇ ಕಣ್ಣು ನೆಟ್ಟು ನಿಂತವನು. ನನ್ನ ಮುಖವನ್ನೂ ಇವರು ಇಷ್ಟು ನೋಡಿಲ್ಲ ಎಂದು ಹೆಂಡತಿ ಬಂದವರೆದುರು ಹೇಳುತ್ತಿದ್ದಳು.

ಹತ್ತು ವರ್ಷ ಚೆನ್ನಾಗಿ ನಡೆಯಿತು. ಸಭಾಂಗಣಗಳು ತುಂಬಿದವು, ಎರಡು ರೆಕಾರ್ಡು ಮನೆಮಾತಾದವು. ಆಮೇಲೆ ಜನರ ಕಿವಿ ಬೇರೆ ಕಡೆ ತಿರುಗಿತು. ಹಾಡುಗಾರ ಬಚ್ಚಲುಮನೆ ಸಾಮಾನಿನ ಅಂಗಡಿ ಇಟ್ಟ, ಲೀಡ್ ಗಿಟಾರ್ ನುಡಿಸುವ ಅವನ ತಮ್ಮ ಅಲ್ಲೇ ಕೂತ. ದಪ್ಪತಂತಿ ಲಿಫ್ಟ್ ರಿಪೇರಿಯ ಕೆಲಸ ಹಿಡಿದ. ಆದರೂ ಮಂಗಳವಾರ ಅಂಗಡಿಗೆ ರಜೆ ಇದ್ದಾಗ ನಾಲ್ವರೂ ಹಿಂದಿನ ಗೋದಾಮಿನಲ್ಲಿ ಸೇರಿ, ಸಾಲಾಗಿ ನಿಂತ ವಾಶ್‌ಬೇಸಿನ್ನುಗಳ ಎದುರು ನುಡಿಸುವುದನ್ನು ಬಿಡಲಿಲ್ಲ. ಇಷ್ಟು ಶಿಸ್ತಿನ ಶ್ರೋತೃಗಳು ತಮಗೆ ಹಿಂದೆಂದೂ ಸಿಕ್ಕಿರಲಿಲ್ಲ ಎಂದು ಹಾಡುಗಾರ ಹೇಳುತ್ತಿದ್ದ. ಹೀಗಿರುವಾಗ ಒಂದು ಕಂಪನಿಗೆ ಇವರ ನೆನಪಾಯಿತು. ಹಳೆಯ ಎಂಟು ಹಾಡುಗಳನ್ನು ಹೊಸದಾಗಿ ರೆಕಾರ್ಡ್ ಮಾಡುವುದು, ಆಮೇಲೆ ಹನ್ನೆರಡು ಊರುಗಳಲ್ಲಿ ಕಛೇರಿ. ಈ ವಯಸ್ಸಿನಲ್ಲಿ ಇಂಥ ಕರೆ ಎರಡನೇ ಸಲ ಬರುವುದಿಲ್ಲ ಎಂದು ನಾಲ್ವರಿಗೂ ಗೊತ್ತಿತ್ತು.

ಆದರೆ ಎರಡು ವರ್ಷದಿಂದ ಒಂದು ವಿಷಯ ದಪ್ಪತಂತಿಯ ಮನಸ್ಸು ಕೊರೆಯುತ್ತಿತ್ತು. ಗಡಿಯಾರ ನಿಧಾನವಾಗುತ್ತಿದ್ದ. ಹಾಡು ಅರ್ಧ ದಾಟುವ ಹೊತ್ತಿಗೆ ಆ ಕಾಲು ಕೂದಲೆಳೆಯಷ್ಟು ತಡೆದು ಬೀಳುತ್ತಿತ್ತು. ಬೇರೆ ಯಾರಿಗೂ ತಿಳಿಯದ ತಡ ಅದು. ಅರವತ್ತು ದಾಟಿದ ಕಾಲಲ್ಲವೇ ಅಂದುಕೊಂಡು ದಪ್ಪತಂತಿ ತನ್ನ ಬೆರಳನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡ. ಗೆಳೆಯನ ಮಾನ ಕಾಯುತ್ತಿದ್ದೇನೆಂದು ಒಳಗೊಳಗೇ ಸ್ವಲ್ಪ ಜಂಬವೂ ಇತ್ತೆನ್ನಿ. ಹೆಂಡತಿಗೊಬ್ಬಳಿಗೆ ಹೇಳಿದ್ದ. ಅವಳು ಅವನ ತೋಳಿನ ಗುಂಡಿ ಹಾಕಿಕೊಡುತ್ತಾ, ಹೌದಾ ಎಂದಷ್ಟೇ ಅಂದಳು. ಈಚೆಗೆ ಅಂಗಿಯ ಗುಂಡಿಗಳನ್ನು ತೀರಾ ಸಣ್ಣದು ಮಾಡುತ್ತಿದ್ದಾರೆ ಎಂಬುದು ಅವನ ಇನ್ನೊಂದು ದೂರಾಗಿತ್ತು.

ರೆಕಾರ್ಡಿಂಗಿನ ಮೊದಲ ದಿನವೇ ಗುಟ್ಟು ರಟ್ಟಾಯಿತು. ಹಳೆಯ ರೆಕಾರ್ಡಿನಲ್ಲಿ ಸರಿಯಾಗಿ ನಾಲ್ಕು ನಿಮಿಷವಿದ್ದ ಹಾಡು ಈಗ ಹತ್ತೊಂಬತ್ತು ಸೆಕೆಂಡು ಹೆಚ್ಚು ಉದ್ದವಾಗಿತ್ತು. ಕೊನೆಯ ಸಾಲಿಗೆ ಹಾಡುಗಾರನ ಉಸಿರೇ ಮುಗಿದುಹೋಗಿತ್ತು. ಅವನು ದಪ್ಪತಂತಿಯನ್ನು ಮೆಟ್ಟಿಲ ಬಳಿ ಕರೆದುಕೊಂಡು ಹೋದ.

"ಅವನ ಕಾಲನ್ನ ನಿನ್ನಷ್ಟು ನೋಡಿದವರು ಯಾರೂ ಇಲ್ಲ. ನಿಜ ಹೇಳು, ಅವನೇ ತಾನೆ?"

ಗೊತ್ತಿಲ್ಲ ಅನ್ನಬಹುದಿತ್ತು. ಎಂದಿನಂತೆ ಸುಮ್ಮನಿರಬಹುದಿತ್ತು. ದಪ್ಪತಂತಿ ಕಂಬಿಯ ಮೇಲೆ ಕೈಯಿಟ್ಟುಕೊಂಡು, "ಹೂಂ, ಎರಡು ವರ್ಷದಿಂದ ಸ್ವಲ್ಪ," ಅಂದ. ಆದರೂ ಅವನಿಲ್ಲದೆ ಬ್ಯಾಂಡಿಲ್ಲ, ನಾಲ್ಕು ದಿನ ಅಭ್ಯಾಸ ಮಾಡಿದರೆ ಸರಿಹೋಗುತ್ತಾನೆ ಎಂದೆಲ್ಲ ಸೇರಿಸಿದ. ಹಾಡುಗಾರನಿಗೆ ಬೇಕಾದ ಮಾತು ಅಷ್ಟರಲ್ಲಿ ಸಿಕ್ಕಾಗಿತ್ತು.

ಮರುದಿನ ಗಡಿಯಾರನಿಗೆ ವಿಷಯ ತಿಳಿಸಿದರು. ಅವನು ವಾದಕ್ಕೇ ನಿಲ್ಲಲಿಲ್ಲ. ಮಂಡಿ ಮೊದಲಿನಂತಿಲ್ಲ, ನಾನೇ ಹೇಳಬೇಕೆಂದಿದ್ದೆ ಎಂದ. ಪೆಡಲ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ, ಎಲ್ಲರ ಕೈ ಕುಲುಕಿದ, ದಪ್ಪತಂತಿಯ ಬೆನ್ನು ತಟ್ಟಿ ಹೊರಟ. ಅವನು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ದಪ್ಪತಂತಿಗೆ ಸರಿಬರಲಿಲ್ಲ.

ಗಡಿಯಾರನ ಜಾಗಕ್ಕೆ ಸಂಗೀತ ಶಾಲೆಯೊಂದರ ಡ್ರಮ್ ಟೀಚರ್ ಬಂದಳು. ಯಂತ್ರದ ಟಿಕ್ ಟಿಕ್ ಸದ್ದನ್ನು ಕಿವಿಗೆ ಹಾಕಿಕೊಂಡು ನುಡಿಸುವವಳು, ಯಾರ ಮುಖವನ್ನೂ ನೋಡದವಳು, ಯಾರಿಗೂ ಕಾಯದವಳು. ದಪ್ಪತಂತಿ ಅಭ್ಯಾಸಬಲದಿಂದ ಅವಳ ಕಾಲು ನೋಡುತ್ತಾ ಶುರುಮಾಡಿದ. ಕಾಲು ಬೀಳುತ್ತಿತ್ತು, ಅವನ ಸ್ವರ ಅದರ ಹಿಂದೆ ಬರುತ್ತಿತ್ತು. ಎರಡನೇ ಸಲವೂ ಹಾಗೆಯೇ, ಮೂರನೇ ಸಲವೂ ಹಾಗೆಯೇ. ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಮೇಡಂ ಎಲ್ಲರನ್ನೂ ನಿಲ್ಲಿಸಿ, ಬೇಸ್ ಒಂದನ್ನೇ ಆ ಟಿಕ್ ಟಿಕ್ಕಿನ ಜೊತೆ ಹಾಕಿ ಕೇಳಿಸಿದಳು. ಹಾಡಿನ ಆರಂಭದಲ್ಲಿ ಎರಡೂ ಒಟ್ಟಿಗಿದ್ದವು. ಹೋಗ್ತಾ ಹೋಗ್ತಾ ಟಿಕ್ ಮುಂದೆ ನಡೆಯಿತು, ಸ್ವರ ಕಾಲೆಳೆಯುತ್ತಾ ಅದನ್ನು ಹಿಂಬಾಲಿಸಿತು.

ದಪ್ಪತಂತಿ ತನ್ನ ಬಲಗೈ ನೋಡಿಕೊಂಡ. ತಂತಿ ಮೀಟುವ ಎರಡು ಬೆರಳುಗಳಲ್ಲಿ ನಡುಬೆರಳು ಸರಿಯಾಗಿ ಮಡಚುತ್ತಿರಲಿಲ್ಲ. ಅಂಗಿಯ ಗುಂಡಿ, ಬೀಗದ ಕೈ, ಲಿಫ್ಟಿನ ಸಣ್ಣ ತಿರುಪುಗಳು, ಎಲ್ಲಕ್ಕೂ ಒಂದೊಂದು ನೆಪ ಹೇಳಿಕೊಂಡೇ ಬಂದಿದ್ದ.

ಮೊದಲ ದಿನ ಗಡಿಯಾರ ನುಡಿಸಿದ್ದನ್ನು ಹಾಕಿ ಎಂದು ಅವನೇ ಕೇಳಿದ. ಮೇಡಂ ಅದನ್ನು ಆಗಲೇ ನೋಡಿದ್ದಳಂತೆ, ಯಾರೂ ಕೇಳದ್ದರಿಂದ ಹೇಳಿರಲಿಲ್ಲ. ಬೇಸ್ ಇಲ್ಲದ ಕಡೆ ಡ್ರಮ್ಸ್ ಸರಿಯಾಗಿದೆ, ಬೇಸ್ ಬಂದ ಕಡೆಯೆಲ್ಲ ಅದರ ಜೊತೆಗೇ ನಿಧಾನವಾಗಿದೆ ಎಂದಳು. ಆಮೇಲೆ ಮೆಲ್ಲಗೆ, ಇದೇನು ದೊಡ್ಡದಲ್ಲ, ಒಂದೊಂದು ಸ್ವರವನ್ನೂ ಕಂಪ್ಯೂಟರಿನಲ್ಲಿ ಮುಂದೆ ಸರಿಸಿದರೆ ದೇವರಿಗೂ ಗೊತ್ತಾಗುವುದಿಲ್ಲ ಅಂದಳು. ಹಾಡುಗಾರನಿಗೆ ಜೀವ ಬಂದಂತಾಯಿತು. ಹಾಗೇ ಮಾಡಿ ಮುಗಿಸೋಣ, ಗಡಿಯಾರ ತಾನೇ ಮಂಡಿನೋವು ಅಂತ ಒಪ್ಪಿ ಹೋಗಿದ್ದಾನೆ, ಈಗ ಅದನ್ನೆಲ್ಲ ಕೆದಕುವುದು ಯಾಕೆ ಎಂದ. ದಪ್ಪತಂತಿ ಸುಮ್ಮನಿದ್ದರೆ ಸಾಕಿತ್ತು. ಅದರಲ್ಲಿ ಅವನಿಗೆ ಮೂವತ್ತನಾಲ್ಕು ವರ್ಷದ ಅನುಭವವೂ ಇತ್ತು.

ಅವನು ಗಿಟಾರನ್ನು ಗೋಡೆಗೆ ಒರಗಿಸಿ, ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಗಡಿಯಾರನ ಮನೆಗೆ ಹೋದ.

ಗಡಿಯಾರ ಜಗಲಿಯಲ್ಲಿ ಮನೆಮಂದಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಇವನ ಮುಖ ನೋಡಿ ಕುರ್ಚಿ ತೋರಿಸಿದ. ಇವನು ಕೂರಲಿಲ್ಲ.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಎರಡು ವರ್ಷ ಆಯ್ತೇನೋ. ನಿನ್ನ ಬೆರಳು ಬರೋ ತನಕ ಕಾದು ಹೊಡೀತಿದ್ದೆ. ಅದರಲ್ಲೇನಿದೆ."

"ತಪ್ಪು ನಿನ್ನದು ಅಂತ ಹಾಡುಗಾರನ ಹತ್ರ ಹೇಳಿದ್ದು ನಾನು."

"ಗೊತ್ತು, ಅವನೇ ಹೇಳಿದ." ಗಡಿಯಾರ ಕಾಲರಿನ ಮೇಲೆ ಇಸ್ತ್ರಿ ಎಳೆದ. "ಅದನ್ನ ಕೇಳಿ ನನಗೆ ಸಮಾಧಾನ ಆಯ್ತು ಕಣೋ. ಬೆರಳಿನ ವಿಷಯ ನಿನಗೆ ಗೊತ್ತಿದ್ದೂ ಯಾರಿಗೂ ಹೇಳ್ಕೊಳ್ಳಕ್ಕಾಗದೆ ಕೊರಗ್ತಿದೀಯ ಅಂದ್ಕೊಂಡಿದ್ದೆ. ಗೊತ್ತೇ ಇಲ್ಲ ಅಂತ ಆವಾಗ ತಿಳೀತು."

ದಪ್ಪತಂತಿಗೆ ಅಳು ತಡೆಯಲಾಗಲಿಲ್ಲ. ಐವತ್ತೆಂಟು ವರ್ಷದ ಗಂಡಸು, ಹಾಡುಹಗಲು, ಇಸ್ತ್ರಿ ಮಾಡಿದ ಬಟ್ಟೆಗಳ ನಡುವೆ ನಿಂತು ಅತ್ತ. ಗಡಿಯಾರ ಬೈಯಲೂ ಇಲ್ಲ, ಸಂತೈಸಲೂ ಇಲ್ಲ, ಒಳಗೆ ಹೋಗಿ ಚಹಾ ಮಾಡಿ ತಂದ. ಆಮೇಲೆ ಯಾರು ಬಿಡಬೇಕು, ಯಾರು ಉಳಿಯಬೇಕು ಎಂದು ಇಬ್ಬರಿಗೂ ಬಹಳ ಹೊತ್ತು ಚರ್ಚೆಯಾಯಿತು. ನೀನು ಉಳಿಯಲಿ ಅಂತಲೇ ನಾನು ಎದ್ದು ಬಂದದ್ದು ಎಂದು ಗಡಿಯಾರ ಮೊದಲ ಬಾರಿಗೆ ರೇಗಿದ. ದಪ್ಪತಂತಿ ಜಗ್ಗಲಿಲ್ಲ. ಕೈಗೆ ಮದ್ದು ಮಾಡಿಸುತ್ತೇನೆ, ವಾಸಿಯಾದರೆ ನೋಡೋಣ, ಆಗದಿದ್ದರೂ ನಿನ್ನನ್ನು ಕಳಿಸಿ ನಾನು ಆ ವೇದಿಕೆ ಹತ್ತಲಾರೆ ಎಂದ. ನಾಳೆ ಪೆಡಲ್ ತಗೊಂಡು ಬಾ ಎಂದು ಹೇಳಿಯೇ ಎದ್ದ.

ಹಾಡುಗಾರ ಕೂಗಾಡಿದ, ಆಮೇಲೆ ಒಪ್ಪಿದ. ಡ್ರಮ್ ಟೀಚರ್ ಬೇಸರಪಡದೆ ಜಾಗ ಬಿಟ್ಟುಕೊಟ್ಟಳು. ಲೀಡ್ ಗಿಟಾರಿನ ಜೊತೆಗೆ ಬೇಸ್ ನುಡಿಸುವ ಹೊಣೆಯೂ ಹಾಡುಗಾರನ ತಮ್ಮನ ಹೆಗಲಿಗೆ ಬಿತ್ತು. ದಪ್ಪತಂತಿ ಎರಡು ದಿನ ಅವನನ್ನು ಎದುರು ಕೂರಿಸಿಕೊಂಡು ಎಂಟೂ ಹಾಡುಗಳನ್ನು ಸ್ವರ ಸ್ವರವಾಗಿ ಹೇಳಿಕೊಟ್ಟ.

ಮೊದಲು ಡ್ರಮ್ಸ್ ಒಂದನ್ನೇ ರೆಕಾರ್ಡ್ ಮಾಡುವುದೆಂದಾಯಿತು. ದಪ್ಪತಂತಿ ಸ್ಟುಡಿಯೋದ ಗಾಜಿನ ಈಚೆ ಮೇಡಂ ಪಕ್ಕದಲ್ಲಿ ಕೂತ. ಮೂವತ್ತನಾಲ್ಕು ವರ್ಷದಲ್ಲಿ ಅವನು ಗಡಿಯಾರನ ಬಲಗಾಲನ್ನು ಸುಮ್ಮನೆ ಕೂತು ಕೇಳಿದ್ದು ಅದೇ ಮೊದಲು. ಅವನ ಕಿವಿಗೆ ಒಂದೊಂದು ಪೆಟ್ಟೂ ಬೀಳಬೇಕಾದಲ್ಲೇ ಬಿತ್ತು, ಎಲ್ಲೂ ತಡೆಯಲಿಲ್ಲ, ಎಲ್ಲೂ ಎಳೆಯಲಿಲ್ಲ. ಆ ಕಾಲಿಗೆ ಏನೂ ಆಗಿರಲಿಲ್ಲ. ದಪ್ಪತಂತಿಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಹಾಡು ಸರಿಯಾಗಿ ನಾಲ್ಕು ನಿಮಿಷಕ್ಕೆ ಮುಗಿಯಿತು.

ಮೇಡಂ ಹಿಂದಕ್ಕೆ ಹೋಗಿ ಮತ್ತೆ ಕೇಳಿಸಿದಳು. ಕೊನೆಯ ಪಲ್ಲವಿಗೆ ಮುಂಚೆ ಹಾಡೂ ಗಿಟಾರೂ ನಿಂತು, ಡ್ರಮ್ಮೂ ಬೇಸೂ ಎರಡೇ ಕೂಡಿ ಬೀಳುವ ಒಂದು ಪೆಟ್ಟಿದೆ. ಅಲ್ಲಿ ಕಾಲು ಒಂದಿಷ್ಟು ತಡೆದು ಬಿದ್ದಿತ್ತು. ಇಡೀ ಹಾಡಿನಲ್ಲಿ ಅದೊಂದೇ ಕಡೆ.

"ಇಲ್ಲಿ ಸ್ವಲ್ಪ ತಡ ಆಗಿದೆ," ಅಂದಳು ಮೇಡಂ, "ಮುಂದೆ ಸರಿಸಲಾ?"

ಗಾಜಿನ ಆಚೆ ಗಡಿಯಾರ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ದಪ್ಪತಂತಿ ಅವನ ಬಲಗಾಲಿನತ್ತ ನೋಡಿದ.

"ಬೇಡ, ಹಾಗೇ ಇರಲಿ," ಎಂದ. "ಅಲ್ಲಿ ಅವನು ನನಗೆ ಕಾಯ್ತಿದಾನೆ."