ಮೈಲುಗಳು ವಾಪಸ್

೧
ಈ ಕಥೆಯನ್ನು ವಿಮಾನ ನಿಲ್ದಾಣದ ಕೌಂಟರಿನಿಂದ ಶುರು ಮಾಡಲೇ, ಅಕ್ಕನ ಕಣ್ಣಿನಿಂದಲೇ? ಕಣ್ಣಿನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಕರಗಿಬಿಡುತ್ತೀರಿ, ಅದು ಮೋಸ. ನಿಯಮದಿಂದಲೇ ಶುರು ಮಾಡುತ್ತೇನೆ.

ಪದೇ ಪದೇ ಹಾರುವವರ ಖಾತೆಗೆ ವಿಮಾನ ಕಂಪನಿ ಮೈಲುಗಳನ್ನು ಜಮಾ ಮಾಡುತ್ತದೆ. ಅವುಗಳಿಂದ ಬೇರೆಯವರಿಗೂ ಟಿಕೆಟ್ ಮಾಡಿಸಬಹುದು. ಹೊರಡುವ ಹಿಂದಿನ ದಿನದೊಳಗೆ ರದ್ದು ಮಾಡಿದರೆ ಅಷ್ಟೂ ಮೈಲು ವಾಪಸ್. ರದ್ದು ಮಾಡಬೇಕಾದವರು ಖಾತೆದಾರರೇ. ಅದರ ಸುದ್ದಿ ಬರುವುದೂ ಅವರಿಗೊಬ್ಬರಿಗೇ.

(ಕಥೆಯಂತೆ ಕಾಣುತ್ತಿಲ್ಲ, ಗೊತ್ತು. ಸ್ವಲ್ಪ ತಾಳಿ.)

೨
ಖಾತೆ ಅಕ್ಕನದು. ಆಸ್ಪತ್ರೆಯ ಯಂತ್ರಗಳನ್ನು ಮಾರುತ್ತ ಅರ್ಧ ಆಯುಸ್ಸು ವಿಮಾನದಲ್ಲೇ ಕಳೆದವಳು. ಈಗ ಕಣ್ಣು ಮಸುಕಾಗುತ್ತಿದೆ, ಸರಿಹೋಗುವ ಮಾತಿಲ್ಲ ಎಂದಿದ್ದಾರೆ ವೈದ್ಯರು.

"ನಿನ್ನ ಮುಖ ಕಾಣೋವಾಗ್ಲೇ ಒಂದ್ಸಲ ಬಂದು ಹೋಗೇ," ಎಂದು ತಂಗಿಗೆ ಟಿಕೆಟ್ ಮಾಡಿಸಿದಳು.

ತಂಗಿ ಹಲ್ಲಿನ ಸೆಟ್ಟು ತಯಾರಿಸುವವಳು. ಒಮ್ಮೆ ಕೆಲಸ ಮುಗಿಯಲಿಲ್ಲ. ಒಮ್ಮೆ ಅತ್ತೆಗೆ ಜ್ವರ. ಇನ್ನೊಮ್ಮೆ ಏನೂ ಇಲ್ಲ, ಬರೀ ಮೈಗಳ್ಳತನ.

"ಕ್ಯಾನ್ಸಲ್ ಮಾಡೇ ಅಕ್ಕ. ಮೈಲು ವಾಪಸ್ ಬರುತ್ತಲ್ಲ, ಯಾರಪ್ಪನ ಗಂಟು ಹೋಗುತ್ತೆ?"

"ಆಗಲಿ ಮಹಾರಾಣಿ, ಮಾಡ್ತೀನಿ."

ಏನೂ ಕಳೆದುಕೊಳ್ಳುವುದಿಲ್ಲ ಎಂಬ ಧೈರ್ಯವೇ ಪ್ರತಿ ಸಲ ಅವಳನ್ನು ಮನೆಯಲ್ಲಿ ಕೂರಿಸಿತು.

೩
(ಇಲ್ಲಿ ಪಶ್ಚಾತ್ತಾಪದ ಎರಡು ಪುಟ ಬರೆದಿದ್ದೆ. ತಂಗಿ ಓದಿ, "ಇಷ್ಟೆಲ್ಲ ಯೋಚ್ನೆ ಮಾಡೋಳಾಗಿದ್ರೆ ಮೊದಲ್ನೇ ಸಲವೇ ಹೋಗ್ತಿರ್ಲಿಲ್ವಾ?" ಎಂದಳು. ಹರಿದು ಹಾಕಿದೆ. ನಾಲ್ಕನೆಯ ಭಾಗವೂ ಅದರ ಜೊತೆಗೇ ಹೋಯಿತು.)

೫
ಮೊನ್ನೆ ವಿಡಿಯೋ ಕಾಲಿನಲ್ಲಿ ಅಕ್ಕ ಫೋನಿನ ಪಕ್ಕದ ಗೋಡೆಯನ್ನು ನೋಡಿ ನಕ್ಕಳು.

ಈ ಸಲದ ಟಿಕೆಟ್ಟಿಗೆ ತಂಗಿ ಹೊರಟೇಬಿಟ್ಟಳು. ಅಕ್ಕನಿಗೆ ತಿಳಿಸಲಿಲ್ಲ. 'ಬರ್ತೀನಿ' ಅನ್ನುವ ಮಾತು ಹೇಳಿ ಹೇಳಿ ಸವೆದುಹೋಗಿತ್ತು.

ಕೌಂಟರಿನ ಹುಡುಗಿ ಪರದೆ ನೋಡಿದಳು. "ಮೇಡಂ, ಇದು ನಿನ್ನೆನೇ ಕ್ಯಾನ್ಸಲ್ ಆಗಿದೆ. ಮೈಲು ಖಾತೆಗೆ ವಾಪಸ್ ಹೋಗಿದೆ."

"ಬೇರೆ ಸೀಟು?"

"ಇವತ್ತು ಫುಲ್, ಮೇಡಂ."

ತಂಗಿ ಪೆಟ್ಟಿಗೆಯ ಹಿಡಿಕೆ ಬಿಡದೆ ಅಕ್ಕನಿಗೆ ಫೋನ್ ಮಾಡಿದಳು. "ಅಕ್ಕ, ಇವತ್ತಿನ ಟಿಕೆಟ್ಟು..."

"ನಾನೇ ಕ್ಯಾನ್ಸಲ್ ಮಾಡಿಸಿದೆ ಕಣೇ," ಎಂದಳು ಅಕ್ಕ. "ಇನ್ನೊಂದು ನೆಪ ಹುಡುಕೋ ಕಷ್ಟ ನಿನಗ್ಯಾಕೆ ಅಂತ."

ಹೇಳು, ಎಂದೆ ನಾನು. ಹೊರಟು ನಿಂತಿದ್ದೀನಿ ಅಂತ ಹೇಳು.

"ನೀವು ಸುಮ್ನಿರಿ," ಎಂದು ತಂಗಿ ನನ್ನ ಬಾಯಿ ಮುಚ್ಚಿಸಿದಳು. "ಹೇಳಿದ್ರೆ ಜೀವ ಇರೋವರೆಗೂ ಕೊರಗ್ತಾಳೆ." ಮತ್ತೆ ಫೋನಿಗೆ, "ಒಳ್ಳೇದಾಯ್ತು ಬಿಡೇ. ನಾನೂ ಅದನ್ನೇ ಹೇಳೋಣ ಅಂತಿದ್ದೆ."

೬
ಮುಕ್ತಾಯ ಒಂದು: ನಾಳೆ ಸೀಟು ಸಿಗುತ್ತದೆ. ಅಕ್ಕ ಬಾಗಿಲು ತೆಗೆದು ಅವಳ ಮುಖ ನೋಡುತ್ತಾಳೆ. (ಬರೆಯಲು ಕೈ ತುರಿಸುತ್ತಿದೆ.)

ಮುಕ್ತಾಯ ಎರಡು: ಬಾಗಿಲು ತೆಗೆದು, ಮುಖವನ್ನು ಕೈಯಿಂದ ಮುಟ್ಟಿ ನೋಡುತ್ತಾಳೆ. (ಸಿನಿಮಾದವರಿಗೆ ಬಿಡೋಣ.)

ನಾನು ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಧ್ವನಿವರ್ಧಕ ಕೂಗಿತು: ಪ್ರಯಾಣಿಕರಿಗೆ ಕೊನೆಯ ಕರೆ.

"ಏನೇ ಅದು ಸದ್ದು?"

"ಟಿವಿ."

ಅಕ್ಕ ಫೋನ್ ಇಡಲಿಲ್ಲ. ತಂಗಿಯೂ ಇಡಲಿಲ್ಲ. ಅವರಿಬ್ಬರ ನಡುವೆ ನಾನು ಯಾವ ಮಾತನ್ನು ತುರುಕಲಿ?